ನೌಕರಿ ಬಿಟ್ಟು ತೋಟಕ್ಕೆ: ಯಾವುದು ಮೊದಲು, ಯಾವುದು ಕೊನೆಗೆ?

ಪಕ್ಕದ ಟೀಮಿನವರನ್ನು ಕಂಪನಿ ಮನೆಗೆ ಕಳಿಸಿದ ವಾರ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿಗೆ ಒಂದೇ ಮಾತು: ‘ಸಾಕಾಯ್ತು, ಊರಿಗೆ ಹೋಗಿ ತೋಟ ಮಾಡಿಕೊಂಡು ಇದ್ದುಬಿಡೋಣ.’ ಈ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಇದು ಒಂದು ನಿರ್ಧಾರವಲ್ಲ, ನಾಲ್ಕು. ರಾಜೀನಾಮೆ ಕೊಡುವುದು, ಮನೆ ಖಾಲಿ ಮಾಡುವುದು, ಜಮೀನು ಕೊಳ್ಳುವುದು, ಬೆಳೆ ಹಾಕುವುದು. ನಾಲ್ಕನ್ನೂ ಒಂದೇ ಏಟಿಗೆ ಮಾಡಲು ಹೊರಟವರೇ ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು.

ಆದ್ದರಿಂದ ಮೊದಲ ಕೆಲಸ, ಒಂದು ನೋಟ್‌ಬುಕ್ಕಿನಲ್ಲಿ ಇವನ್ನು ಬಿಡಿಬಿಡಿಯಾಗಿ ಬರೆಯುವುದು. ಪ್ರತಿಯೊಂದರ ಮುಂದೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಆರು ತಿಂಗಳ ಮೇಲೆ ‘ಇದು ಬೇಡಿತ್ತು’ ಅನ್ನಿಸಿದರೆ ಎಷ್ಟು ಕೈಬಿಡುತ್ತದೆ? ರಜೆ ಹಾಕಿಯೋ ಮನೆಯಿಂದ ಕೆಲಸ ಮಾಡುವ ಅನುಮತಿ ಪಡೆದೋ ಎರಡು ತಿಂಗಳು ಊರಲ್ಲಿದ್ದು ನೋಡಿದರೆ ಹೋಗುವುದು ಬಸ್ ಚಾರ್ಜು ಮಾತ್ರ. ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ನಡುವೆ ಮನಸ್ಸು ಬದಲಾದರೆ ಸಸಿ ಕೇಳುವುದಿಲ್ಲ. ತಿದ್ದಿಕೊಳ್ಳಬಹುದಾದದ್ದನ್ನು ಮೊದಲು ಮಾಡಿ, ತಿದ್ದಿಕೊಳ್ಳಲಾಗದ್ದನ್ನು ಕೊನೆಗಿಡಿ. ನಮ್ಮಲ್ಲಿ ಹಲವರು ಇದನ್ನು ತಲೆಕೆಳಗು ಮಾಡುತ್ತಾರೆ: ಮೊದಲು ಜಮೀನಿಗೆ ಅಡ್ವಾನ್ಸ್, ಆಮೇಲೆ ಹೆಂಡತಿಗೆ ಸುದ್ದಿ.

ಎರಡನೆಯದು, ರಾಜೀನಾಮೆಯ ದಿನಾಂಕ. ಇದನ್ನು ಸಿಟ್ಟು ನಿರ್ಧರಿಸಬಾರದು, ಕ್ಯಾಲೆಂಡರ್ ನಿರ್ಧರಿಸಬೇಕು. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುವುದು ಐದು ವರ್ಷದ ಸೇವೆ ತುಂಬಿದ ಮೇಲೆ. ಲೆಕ್ಕ ಸರಳ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ಆ ಮೊತ್ತ 50 ಸಾವಿರ ಇದ್ದವರಿಗೆ ಐದು ವರ್ಷಕ್ಕೆ ಸುಮಾರು 1.44 ಲಕ್ಷ. ನಾಲ್ಕು ವರ್ಷ ಮುಗಿಸಿ ಐದನೆಯದರಲ್ಲಿರುವವರು ಬಿಡುವ ಮುಂಚೆ ಇದನ್ನು ನೋಡಲಿ. ಪಿಎಫ್ ಕೂಡ ಹಾಗೆಯೇ: ಐದು ವರ್ಷದ ಸತತ ಸೇವೆಗೆ ಮೊದಲೇ ಹಣ ತೆಗೆದರೆ ತೆರಿಗೆ ಬೀಳುತ್ತದೆ, ಇಪಿಎಸ್‌ನಲ್ಲಿ ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು.

ಜನ ಮರೆಯುವುದು ಆರೋಗ್ಯ ವಿಮೆಯನ್ನು. ಕಂಪನಿಯ ಗುಂಪು ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಸ್ವಂತ ಪಾಲಿಸಿ ಕೊಂಡರೆ ಸಾಮಾನ್ಯವಾಗಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಚಿಕಿತ್ಸೆಗೆ ಹಣ ಬರುವುದಿಲ್ಲ. ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ ಮೂರು ವರ್ಷದವರೆಗೂ ಕಾಯಿಸಬಹುದು. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ಬಿಪಿ ಇರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶವಿದೆಯೇ ಎಂದು ಎಚ್‌ಆರ್‌ನವರನ್ನು ನೋಟಿಸ್ ಅವಧಿಯಲ್ಲೇ ಕೇಳಿ. ಗೃಹಸಾಲವಿದ್ದರೆ, ಬದಲಾಗುವ ಬಡ್ಡಿಯ ಸಾಲವನ್ನು ಅವಧಿಗೆ ಮೊದಲೇ ತೀರಿಸಲು ಬ್ಯಾಂಕ್ ದಂಡ ಹಾಕುವಂತಿಲ್ಲ. ಸಂಬಳ ಬರುವಾಗಲೇ ಅಸಲನ್ನು ಆದಷ್ಟು ಕರಗಿಸಿ. ಜೊತೆಗೆ ಕನಿಷ್ಠ ಒಂದು ವರ್ಷದ ಮನೆ ಖರ್ಚು ಬೇರೆಯಾಗಿ ಇರಲಿ. ಅದು ಬೋರ್‌ವೆಲ್ಲಿಗೂ ಅಲ್ಲ, ಬೇಲಿಗೂ ಅಲ್ಲ.

ಇನ್ನು ಬೆಳೆ. ಇಲ್ಲಿ ವೆನಿಲ್ಲಾದ ಕಥೆ ನೆನಪಿಸಿಕೊಳ್ಳದೆ ಮುಂದೆ ಹೋಗಬಾರದು. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಅಪ್ಪಳಿಸಿತು. ಜಗತ್ತಿಗೆ ಅತಿ ಹೆಚ್ಚು ವೆನಿಲ್ಲಾ ಒದಗಿಸುವ ದ್ವೀಪ ಅದು. ಬೆಲೆ ಗಗನಕ್ಕೇರಿತು. 2003ರ ಆಚೀಚೆ ನಮ್ಮ ಮಲೆನಾಡು, ಕರಾವಳಿಯಲ್ಲಿ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಬಳ್ಳಿಯ ತುಂಡಿಗೂ ಕೈತುಂಬ ದುಡ್ಡು, ತೋಟಕ್ಕೆ ರಾತ್ರಿ ಕಾವಲು. ಆದರೆ ಬಳ್ಳಿ ಹೂ ಬಿಡಲು ಸುಮಾರು ಮೂರು ವರ್ಷ ಬೇಕು. ಹೂ ಅರಳಿದ ಬೆಳಿಗ್ಗೆಯೇ ಸಣ್ಣ ಕಡ್ಡಿ ಹಿಡಿದು ಒಂದೊಂದು ಹೂವಿಗೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ಕೋಡು ಬಲಿಯಲು ಮತ್ತೆ ಎಂಟೊಂಬತ್ತು ತಿಂಗಳು. ಬೆಲೆ ನೋಡಿ ನೆಟ್ಟವರ ಕೋಡು ಬಲಿಯುವಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಬೆಲೆ ನೆಲ ಕಚ್ಚಿತ್ತು. ಮೊದಲು ನೆಟ್ಟವರು ಮನೆ ಕಟ್ಟಿಸಿದರು. ಅವರ ಮನೆ ನೋಡಿ ನೆಟ್ಟವರು ಬಳ್ಳಿ ಕಿತ್ತೆಸೆದರು.

ಇವತ್ತಿನ ಮಾರುಕಟ್ಟೆ ಬೆಲೆ ನಾಲ್ಕೈದು ವರ್ಷದ ಹಿಂದೆ ಎಷ್ಟು ಜನ ನೆಟ್ಟಿದ್ದರು ಎಂಬುದನ್ನು ಹೇಳುತ್ತದೆಯೇ ಹೊರತು, ನಿಮ್ಮ ಫಸಲಿಗೆ ಏನು ಸಿಗುತ್ತದೆ ಎಂಬುದನ್ನಲ್ಲ. ಹಾಗಾಗಿ ಪಕ್ಕದ ತೋಟದವರನ್ನು ಕೇಳುವಾಗ ‘ಎಕರೆಗೆ ಎಷ್ಟು ಬರುತ್ತೆ?’ ಅಂತ ಕೇಳಬೇಡಿ. ‘ತೀರಾ ಕೈಕೊಟ್ಟ ವರ್ಷ ಎಷ್ಟು ಬಂತು, ಆ ವರ್ಷ ಮನೆ ಹೇಗೆ ನಡೀತು?’ ಅಂತ ಕೇಳಿ. ಎಲೆಚುಕ್ಕಿ ರೋಗ ಹೊಕ್ಕ ಅಡಿಕೆ ತೋಟದವರ ಬಾಯಲ್ಲಿ ಇದಕ್ಕೆ ನೇರ ಉತ್ತರ ಸಿಗುತ್ತದೆ. ನಿಮ್ಮ ಲೆಕ್ಕವನ್ನು ಆ ಅಂಕಿಯ ಮೇಲೆ ಕಟ್ಟಿ.

ಜಮೀನನ್ನು ಎರಡು ಸಲ ನೋಡಿ, ಮೇ ತಿಂಗಳಲ್ಲೊಮ್ಮೆ, ಜುಲೈನಲ್ಲೊಮ್ಮೆ. ಮೇನಲ್ಲಿ ಪಂಪು ಹಾಕಿಸಿ ಪಕ್ಕದಲ್ಲೇ ನಿಂತುಕೊಳ್ಳಿ. ನೀರು ಎಷ್ಟು ಹೊತ್ತಿಗೆ ತುಂಡಾಗಿ ಗಾಳಿ ಉಗುಳುತ್ತದೆ ಎಂಬುದು ಮಾರುವವರ ಮಾತಿಗಿಂತ ನಂಬಿಗಸ್ತ. ಜುಲೈನಲ್ಲಿ ದಾರಿ ಇದೆಯೇ, ಕರೆಂಟು ಎಷ್ಟು ಹೊತ್ತು ಇರುತ್ತದೆ, ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂಬುದು ತಿಳಿಯುತ್ತದೆ. ಎರಡನೆಯ ಸಲ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಹೆಂಡತಿಯೋ ಗಂಡನೋ ‘ನೋಡೋಣ’ ಎಂದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ.

ಕಾಗದಪತ್ರ ಕೊನೆಯಲ್ಲಿ ಬರುತ್ತದೆ, ಆದರೆ ಅವಸರ ಹೆಚ್ಚಾಗುವುದೂ ಅಲ್ಲೇ. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಹಾಗೆಂದು ಎಲ್ಲ ಜಮೀನನ್ನೂ ಕೊಳ್ಳಬಹುದು ಎಂದಲ್ಲ. ಪಹಣಿಯ 9ನೇ ಕಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಋಣ ಮತ್ತು ಇತರರ ಹಕ್ಕು ನೋಡಿ. ಮ್ಯುಟೇಶನ್ ದಾಖಲೆ ತೆಗೆಸಿ ಜಮೀನು ಇವರ ಕೈಗೆ ಹೇಗೆ ಬಂತು ಎಂದು ಹಿಂದಕ್ಕೆ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾದರೆ, 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. ಅವಿಭಕ್ತ ಕುಟುಂಬದ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿಯೂ ಇದೆಯೇ ನೋಡಿ. ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ (ಇಸಿ) ಕೈಗೆ ಬಂದು, ನಿಮ್ಮದೇ ವಕೀಲರು ಓದಿ ಹೇಳುವವರೆಗೆ ಟೋಕನ್ ದುಡ್ಡೂ ಕೊಡಬೇಡಿ. ‘ನಾಳೆ ಇನ್ನೊಂದು ಪಾರ್ಟಿ ಬರ್ತಾ ಇದೆ ಸಾರ್’ ಎಂದು ಬ್ರೋಕರ್ ಹೇಳಿದರೆ, ಬರಲಿ ಬಿಡಿ.