ಮನೆಯಿಂದ ಕಚೇರಿಯ ಗಣಕಯಂತ್ರ: ಸಹಿಯ ಡೋಂಗಲ್ ಯಾರ ಬಳಿ ಇರಬೇಕು?

ಅಜ್ಜಂಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಕಾರ್ಯದರ್ಶಿಯವರು ಕಡೂರಿನಲ್ಲಿ ವಾಸವಾಗಿದ್ದಾರೆಂದು ಭಾವಿಸೋಣ. ಮರುದಿನ ಬೆಳಿಗ್ಗೆ ತರೀಕೆರೆಯಲ್ಲಿ ಸಭೆಯಿದೆ. ವರದಿಯು ಕಚೇರಿಯ ಗಣಕಯಂತ್ರದಲ್ಲಿಯೇ ಉಳಿದಿದೆ. ರಾತ್ರಿ ಬೀರೂರು ದಾಟಿ ಮತ್ತೆ ಕಚೇರಿಗೆ ಹೋಗುವ ಬದಲು ಮನೆಯಿಂದಲೇ ಆ ಯಂತ್ರವನ್ನು ತೆರೆಯಬಹುದೇ? ತಾಂತ್ರಿಕವಾಗಿ ಸಾಧ್ಯವಿದೆ. ಆದರೆ ಪಂಚಾಯಿತಿಯ ಹಣ ಪಾವತಿಯೂ ಅದೇ ಯಂತ್ರದಿಂದ ನಡೆಯುವುದರಿಂದ ಈ ವಿಷಯವನ್ನು ಸದಸ್ಯರೂ ಅರಿತಿರುವುದು ಅಗತ್ಯ.

ದೂರ ಸಂಪರ್ಕ ಎಂದರೇನು?

ಎನಿಡೆಸ್ಕ್, ಟೀಮ್‌ವ್ಯೂವರ್ ಮುಂತಾದ ತಂತ್ರಾಂಶಗಳು ಕಚೇರಿಯ ಯಂತ್ರದ ಪರದೆಯನ್ನು ಅಂತರ್ಜಾಲದ ಮೂಲಕ ಮನೆಯ ಯಂತ್ರದಲ್ಲಿ ತೋರಿಸುತ್ತವೆ. ಮನೆಯಲ್ಲಿ ಒತ್ತಿದ ಕೀಲಿಯು ಕಚೇರಿಯಲ್ಲಿ ಒತ್ತಿದಂತೆಯೇ ಕೆಲಸ ಮಾಡುತ್ತದೆ. ಕಚೇರಿಯಲ್ಲಿರುವವರು ಪ್ರತಿ ಬಾರಿ ಒಪ್ಪಿಗೆ ನೀಡುವುದು ಒಂದು ವಿಧಾನ. ಶಾಶ್ವತ ಗುಪ್ತಪದವಿಟ್ಟು, ಯಾರೂ ಇಲ್ಲದಿರುವಾಗಲೂ ತೆರೆಯುವುದು ಇನ್ನೊಂದು ವಿಧಾನ. ಎರಡನೆಯದರಲ್ಲಿ ಅಪಾಯ ಹೆಚ್ಚು.

ಇ-ಸ್ವತ್ತು, ಪಂಚತಂತ್ರ 2.0, ಇ-ಗ್ರಾಮ ಸ್ವರಾಜ್ ತಂತ್ರಾಂಶಗಳ ದತ್ತಾಂಶವು ಕಚೇರಿಯ ಯಂತ್ರದಲ್ಲಿಲ್ಲ, ಸರ್ಕಾರದ ಸರ್ವರ್‌ನಲ್ಲಿದೆ. ಅದನ್ನು ನೋಡಲು ದೂರ ಸಂಪರ್ಕದ ಅಗತ್ಯವಿಲ್ಲ. ಪತ್ರ, ನಡಾವಳಿಯ ಕರಡು, ಸ್ಕ್ಯಾನ್ ಪ್ರತಿಗಳಂತಹ ಕಡತಗಳಿಗಷ್ಟೇ ಅದು ಬೇಕಾದೀತು.

ಅಪಾಯ ಎಲ್ಲಿದೆ?

ಅಧ್ಯಕ್ಷರ ಮತ್ತು ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿಯು ಡೋಂಗಲ್‌ನೊಳಗಿದೆ. ಅದನ್ನು ಯಂತ್ರದಲ್ಲಿಯೇ ಬಿಟ್ಟು ಹೋದರೆ, ಪಿನ್ ತಿಳಿದ ವ್ಯಕ್ತಿಯು ದೂರದ ಊರಿನಿಂದಲೂ ಸಹಿ ಹಾಕಬಲ್ಲನು. ದಾಖಲೆಯಲ್ಲಿ ಅದು ಅಧ್ಯಕ್ಷರ ಸಹಿಯೆಂದೇ ಉಳಿಯುತ್ತದೆ. ಇನ್ನೊಬ್ಬರ ಡಿಜಿಟಲ್ ಸಹಿಯನ್ನು ವಂಚನೆಯಿಂದ ಬಳಸಿದವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಸಿ ಅನ್ವಯ 3 ವರ್ಷಗಳವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಖಾತೆಯಿಂದ ಹೋದ ಹಣವು ಶಿಕ್ಷೆಯಿಂದ ಮರಳುವುದಿಲ್ಲ.

ಎನಿಡೆಸ್ಕ್ ಮೂಲಕ ನಡೆಯುವ ವಂಚನೆಯ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2019ರಲ್ಲಿಯೇ ಎಚ್ಚರಿಸಿತ್ತು. ಸರ್ಕಾರಿ ನೌಕರರಿಗಾಗಿ ಎನ್‌ಐಸಿ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಅನುಮತಿಯಿಲ್ಲದ ದೂರ ಸಂಪರ್ಕ ತಂತ್ರಾಂಶಗಳನ್ನು ಬಳಸಬಾರದೆಂದು ತಿಳಿಸಿದೆ.

ಪಾಲಿಸಬೇಕಾದ ಕ್ರಮಗಳು

1. ಸಹಿ ಮುಗಿದ ಕೂಡಲೇ ಡೋಂಗಲ್ ತೆಗೆಯಬೇಕು. ಅಧ್ಯಕ್ಷರದು ಅಧ್ಯಕ್ಷರ ಬಳಿಯೇ ಇರಬೇಕು. ಪಿನ್ ಅನ್ನು ಯಾರಿಗೂ ಹೇಳಬಾರದು, ಎಲ್ಲಿಯೂ ಬರೆದು ಅಂಟಿಸಬಾರದು.
2. ಮೇಲಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ದೂರ ಸಂಪರ್ಕ ತಂತ್ರಾಂಶವನ್ನು ಅಳವಡಿಸಬಾರದು.
3. ದುರಸ್ತಿಗೆ ಬಂದ ತಂತ್ರಜ್ಞರು ಇಂತಹ ತಂತ್ರಾಂಶ ಅಳವಡಿಸಿದ್ದಲ್ಲಿ, ಕೆಲಸ ಮುಗಿದೊಡನೆ ಅದನ್ನು ತೆಗೆಸಬೇಕು.
4. ಅನುಮತಿ ಪಡೆದು ಬಳಸುವಾಗ ಕಚೇರಿಯಲ್ಲಿ ಒಬ್ಬರು ಹಾಜರಿದ್ದು ಒಪ್ಪಿಗೆ ನೀಡಬೇಕು. ದಿನಾಂಕ, ವೇಳೆ ಹಾಗೂ ಉದ್ದೇಶವನ್ನು ವಹಿಯಲ್ಲಿ ದಾಖಲಿಸಬೇಕು.
5. ಅನುಮಾನಾಸ್ಪದ ಪಾವತಿ ಕಂಡುಬಂದರೆ ಅಂತರ್ಜಾಲ ಸಂಪರ್ಕ ಕಡಿದು, ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು.

ಮೇಲಿನ ಉದಾಹರಣೆಯ ಕಾರ್ಯದರ್ಶಿಯವರಿಗೆ ಇದ್ದ ಸುಲಭ ದಾರಿಯೆಂದರೆ, ಕಚೇರಿ ಬಿಡುವ ಮುನ್ನ ವರದಿಯನ್ನು ಕಚೇರಿಯ ಇ-ಮೇಲ್‌ಗೆ ಕಳುಹಿಸಿಕೊಳ್ಳುವುದು. ಒಂದು ಕಡತಕ್ಕಾಗಿ ಇಡೀ ಕಚೇರಿಯ ಬಾಗಿಲನ್ನು ತೆರೆದಿಡಬೇಕಾಗಿಲ್ಲ.

ಚರ್ಚೆಗೆ: ಇಂದು ಸಂಜೆ ಕಚೇರಿಗೆ ಬೀಗ ಹಾಕಿದ ನಂತರ ನಿಮ್ಮ ಪಂಚಾಯಿತಿಯ ಅಧ್ಯಕ್ಷರ ಡೋಂಗಲ್ ಎಲ್ಲಿರುತ್ತದೆ? ಅದರ ಪಿನ್ ಎಷ್ಟು ಜನರಿಗೆ ಗೊತ್ತಿದೆ? ಮುಂದಿನ ಸಾಮಾನ್ಯ ಸಭೆಯಲ್ಲಿ ಸದಸ್ಯರು ಈ ಎರಡು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ದಾಖಲಿಸುವುದು ಉಚಿತ.