ಅಂತರಜಾಲ ಮಾರಾಟಕ್ಕೆ ಸರಕಿನ ವಿವರ ಸಿದ್ಧಪಡಿಸುವ ಕ್ರಮ

ಅಂಗಡಿಗೆ ಬಂದ ಗ್ರಾಹಕನು ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುತ್ತಾನೆ. ಅಂತರಜಾಲದ ಗ್ರಾಹಕನಾದರೋ ಚಿತ್ರವನ್ನೂ ಅದರ ಕೆಳಗಿನ ಬರಹವನ್ನೂ ನಂಬಿ ಹಣ ತೆರುತ್ತಾನೆ. ಜಾಹೀರುಪಡಿಸಿದ ಗುಣಲಕ್ಷಣಗಳಿಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲವೆಂದು 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ವಿಧಿಸಿವೆ. ಆದುದರಿಂದ ವಿವರಣೆಯಲ್ಲಿನ ಒಂದು ತಪ್ಪು ಅಂಕಿ ನೇರವಾಗಿ ನಷ್ಟಕ್ಕೆ ದಾರಿಯಾಗುತ್ತದೆ.

ಬೀದರಿನ ಬಿದ್ರಿ ಕಸುಬಿನಲ್ಲಿ ಕೆಲಸದ ಕ್ರಮ ಖಚಿತವಾಗಿದೆ. ಸತು ಮತ್ತು ತಾಮ್ರದ ಮಿಶ್ರಲೋಹದ ಎರಕ, ನಯಗೊಳಿಸುವಿಕೆ, ಚಿತ್ತಾರದ ಕೆತ್ತನೆ, ಬೆಳ್ಳಿಯ ಕೂರಿಸುವಿಕೆ, ಕೊನೆಗೆ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ. ಒಂದು ಹಂತ ಮುಗಿಯದೆ ಮುಂದಿನದು ಆರಂಭವಾಗದು. ಆದರೆ ಅದೇ ವಸ್ತುವನ್ನು ಅಂತರಜಾಲದಲ್ಲಿ ಇಡುವಾಗ ಈ ಶಿಸ್ತು ಕಾಣುವುದಿಲ್ಲ. ಗಿರಾಕಿಗಳ ನಡುವೆ ಚಿತ್ರ ತೆಗೆಯುವುದು, ನೆನಪಿನಿಂದ ತೂಕ ಬರೆಯುವುದು, ದೂರವಾಣಿಯಲ್ಲಿ ಬೆಲೆ ಕೇಳುವುದು ವಾಡಿಕೆಯಾಗಿದೆ. ವಿಳಂಬಕ್ಕೂ ತಪ್ಪಿಗೂ ಇದೇ ಮೂಲ. ಕೆಳಗಿನ ಐದು ಹಂತಗಳನ್ನು ಪಾಲಿಸಿದರೆ ಇವೆರಡೂ ತಗ್ಗುತ್ತವೆ.

1. ಮಾಹಿತಿ ಪತ್ರ: ಪ್ರತಿ ವಸ್ತುವಿಗೆ ಒಂದು ಸಂಖ್ಯೆ ನೀಡಿ ಅಳತೆ, ತೂಕ, ಲೋಹ, ಬೆಲೆ, ತೆರಿಗೆ ದರ, ದಾಸ್ತಾನುಗಳನ್ನು ಒಂದೇ ಕಡೆ ದಾಖಲಿಸಬೇಕು. ಉಳಿದೆಲ್ಲ ಹಂತಗಳಿಗೆ ಇದೇ ಮೂಲ ದಾಖಲೆ.

2. ಛಾಯಾಚಿತ್ರ: ವಾರಕ್ಕೊಂದು ದಿನ ಗೊತ್ತುಪಡಿಸಿ ಹಲವು ವಸ್ತುಗಳ ಚಿತ್ರವನ್ನು ಒಟ್ಟಿಗೆ ತೆಗೆಯುವುದರಿಂದ ಸಮಯ ಉಳಿಯುತ್ತದೆ. ಬಿದ್ರಿ ವಸ್ತುವಿನ ಚಿತ್ರವನ್ನು ಕಪ್ಪು ಬಣ್ಣ ಬಂದು, ಎಣ್ಣೆ ಸವರಿದ ಮೇಲೆಯೇ ತೆಗೆಯಬೇಕು. ಕಡತಕ್ಕೆ ವಸ್ತುವಿನ ಸಂಖ್ಯೆಯನ್ನೇ ಹೆಸರಾಗಿಡುವುದು ಸೂಕ್ತ.

3. ಬರಹ: ಮಾಹಿತಿ ಪತ್ರದಲ್ಲಿ ಇಲ್ಲದ ಯಾವ ಅಂಶವನ್ನೂ ಸೇರಿಸಬಾರದು. ಕೈಕೆಲಸವಾದ್ದರಿಂದ ಒಂದರಿಂದೊಂದಕ್ಕೆ ಅಲ್ಪ ವ್ಯತ್ಯಾಸವಿರುವುದೆಂದು ಸ್ಪಷ್ಟವಾಗಿ ತಿಳಿಸಬೇಕು. ಬಿದ್ರಿಗೆ 1999ರ ಭೌಗೋಳಿಕ ಸೂಚಕಗಳ ಕಾಯಿದೆಯಡಿ ನೋಂದಣಿಯಾಗಿರುವುದರಿಂದ ಬೇರೆಡೆಯ ಅನುಕರಣೆಗೆ ಆ ಹೆಸರನ್ನು ಬಳಸುವುದು ಅಪರಾಧವಾಗುತ್ತದೆ.

4. ತಪಾಸಣೆ: ಲೆಕ್ಕಶಾಸ್ತ್ರದ ಆಂತರಿಕ ತಪಾಸಣೆಯ ತತ್ತ್ವ ಇಲ್ಲಿಗೂ ಅನ್ವಯಿಸುತ್ತದೆ. ಬರೆದವನೇ ಒಪ್ಪಿಗೆ ನೀಡಬಾರದು. ಇಬ್ಬರೇ ಇರುವ ಅಂಗಡಿಯಲ್ಲಿಯೂ ಒಬ್ಬನು ಬರೆದುದನ್ನು ಇನ್ನೊಬ್ಬನು ವಸ್ತುವನ್ನು ಎದುರಿಗಿಟ್ಟುಕೊಂಡು ತಾಳೆ ನೋಡಿ ಸಹಿ ಹಾಕಬೇಕು.

5. ಪ್ರಕಟಣೆ ಮತ್ತು ಪರಿಷ್ಕರಣೆ: ಪ್ರಕಟಿಸಿದ ದಿನಾಂಕವನ್ನೂ ತಾಣದ ಹೆಸರನ್ನೂ ವಹಿಯಲ್ಲಿ ಬರೆಯಬೇಕು. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಂತಹ ಸಂದರ್ಭದಲ್ಲಿ ಯಾವ ಯಾವ ಕಡೆ ಬೆಲೆ ತಿದ್ದಬೇಕೆಂಬುದು ಈ ವಹಿಯಿಂದ ಕೂಡಲೇ ತಿಳಿಯುತ್ತದೆ.

ಹಕ್ಕು ಮತ್ತು ಲೆಕ್ಕ

ಸಂಭಾವನೆ ನೀಡಿ ತೆಗೆಸಿದ ಛಾಯಾಚಿತ್ರದ ಕೃತಿಸ್ವಾಮ್ಯವು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ ತೆಗೆಸಿದವರಿಗೆ ಸೇರುತ್ತದೆ. ಹೊರಗಿನವರಿಂದ ಬರೆಸಿದ ವಿವರಣೆಗೆ ಇದು ಅನ್ವಯಿಸದು. ಅದಕ್ಕೆ ಲಿಖಿತ ಹಸ್ತಾಂತರ ಪತ್ರವನ್ನು ಪಡೆದುಕೊಳ್ಳುವುದು ಕ್ಷೇಮಕರ. ಎರಡೂ ವೆಚ್ಚಗಳಿಗೆ ಬಿಲ್ಲು ಪಡೆದು ಪ್ರತ್ಯೇಕ ಖಾತೆಯಲ್ಲಿ ನಮೂದಿಸಿದರೆ ಪ್ರತಿ ವಸ್ತುವಿನ ವಿವರಕ್ಕೆ ತಗಲುವ ಖರ್ಚು ವರ್ಷಾಂತ್ಯದಲ್ಲಿ ಗೊತ್ತಾಗುತ್ತದೆ.

ಈ ಕ್ರಮ ಬಿದ್ರಿಗಷ್ಟೇ ಸೀಮಿತವಲ್ಲ. ಔರಾದ್ ತಾಲ್ಲೂಕಿನ ಚಿಂತಾಕಿಯಲ್ಲಿಯೋ ಭಾಲ್ಕಿಯಲ್ಲಿಯೋ ತೊಗರಿಬೇಳೆಯನ್ನು ಪೊಟ್ಟಣ ಕಟ್ಟಿ ಮಾರುವವರಿಗೂ ಇದು ಉಪಯುಕ್ತ. ಪೊಟ್ಟಣದ ಸರಕಿನ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ಮುಂತಾದ ಘೋಷಣೆಗಳನ್ನು ಅಂತರಜಾಲದಲ್ಲಿಯೂ ತೋರಿಸುವುದು 2018ರ ಜನವರಿ 1ರಿಂದ ಕಡ್ಡಾಯವಾಗಿದೆ. ಅವರ ಮಾಹಿತಿ ಪತ್ರದಲ್ಲಿ ಇವುಗಳ ಜೊತೆಗೆ ಆಹಾರ ಪರವಾನಗಿ ಸಂಖ್ಯೆಯೂ ಇರಬೇಕು.

ಮೊದಲ ತಿಂಗಳು ಹತ್ತೇ ವಸ್ತುಗಳನ್ನು ಆಯ್ದು ಐದು ಹಂತಗಳನ್ನೂ ತಪ್ಪದೆ ಪಾಲಿಸಿ, ಬಳಿಕ ಸಂಖ್ಯೆಯನ್ನು ಹೆಚ್ಚಿಸುವುದು ಲೇಸು.