ವೈರಿರುವ ಇಯರ್‌ಫೋನಿಗೆ ಹತ್ತು ಸಾವಿರವೇ?

ಪ್ರಶ್ನೆ: ಮಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾನೆ. ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾನೆ. ಗಣೇಶನ ಪೆಂಡಾಲು, ರಾಜ್ಯೋತ್ಸವ ಬಂತೆಂದರೆ ಮನೆಯಲ್ಲೇ ಇರುವುದಿಲ್ಲ. ದೀಪಾವಳಿಗೆ ಒಳ್ಳೆಯ ವೈರ್‌ಲೆಸ್ ಇಯರ್‌ಬಡ್ ಕೊಡಿಸಿದ್ದೆ. ಈಗ ಸ್ಟೇಜಿಗೆ ಇನ್-ಇಯರ್ ಬೇಕು, ಹತ್ತು ಸಾವಿರ ಕೊಡಿ ಅಂತಾನೆ. ನೋಡಿದರೆ ಅದಕ್ಕೆ ವೈರು! ಮೈಕೂ ಇಲ್ಲ. ಕಿವಿ ಕೆಡಿಸಿಕೊಳ್ಳುತ್ತಾನೋ ಎಂಬ ಭಯ ಬೇರೆ. ಕೊಡಿಸಲೇ?
– ಒಬ್ಬ ತಂದೆ, ಗಿರಿನಗರ

ಉತ್ತರ: ವೈರಿದೆ ಅಂತಲೇ ಅವನಿಗೆ ಅದು ಬೇಕಾಗಿರುವುದು ಸಾರ್. ಬ್ಲೂಟೂತ್ ಇಯರ್‌ಬಡ್ಡಿನಲ್ಲಿ ಸದ್ದು ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೋ, ಇನ್ನೂ ಹೆಚ್ಚೋ ಕಳೆದಿರುತ್ತದೆ. ಹಾಡು ಕೇಳುವವರಿಗೆ ಇದು ಗೊತ್ತೇ ಆಗದು. ಕೀಬೋರ್ಡ್ ಒತ್ತಿದವನಿಗೆ ಮಾತ್ರ ತನ್ನ ಸ್ವರ 34 ಮೀಟರ್ ಆಚೆಯ ಸ್ಪೀಕರಿನಿಂದ ಬಂದ ಹಾಗೆ ಕೇಳುತ್ತದೆ. ತಬಲಾ ಒಂದು ಕಡೆ, ಇವನೊಂದು ಕಡೆ.

ದನಿಯೂ ಬೇರೆ. ನೀವು ಕೊಡಿಸಿದಂಥವು ಸಾಮಾನ್ಯವಾಗಿ ಕೇಳುವವರನ್ನು ಖುಷಿಪಡಿಸಲೆಂದು ಬಾಸ್ ಏರಿಸಿಕೊಂಡಿರುತ್ತವೆ. ಸ್ಟೇಜಿನದು ತಪ್ಪನ್ನೂ ಕೇಳಿಸಬೇಕು. ಹಾಗಂತ ಬೆಲೆ ನೋಡಿ ಮರುಳಾಗಬೇಡಿ, ‘ಪ್ರೊ’ ಅಂತ ಡಬ್ಬಿಯ ಮೇಲೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ವೈರು ಕಿವಿಯ ಮೇಲಿಂದ ಹಿಂದಕ್ಕೆ ಬಳಸಿ ಬರುತ್ತದೆಯೇ, ಅದನ್ನು ಕಿತ್ತು ಹೊಸದು ಹಾಕಲು ಬರುತ್ತದೆಯೇ ನೋಡಿ. ಮೊದಲು ಕೆಡುವುದು ವೈರೇ. ಅದೊಂದನ್ನು ಬದಲಾಯಿಸಿಕೊಂಡರೆ ಸೆಟ್ಟು ವರ್ಷಗಟ್ಟಲೆ ಬಾಳುತ್ತದೆ.

ಇನ್ನು ಕಿವಿಯ ಭಯ. ಅದು ಇರಬೇಕಾದದ್ದೇ, ಆದರೆ ಇನ್-ಇಯರಿಗಿಂತ ಹೆಚ್ಚಾಗಿ ಡ್ರಮ್ಸಿನ ಪಕ್ಕ ಬರೀ ಕಿವಿಯಲ್ಲಿ ನಿಲ್ಲುವುದರ ಬಗ್ಗೆ. 1995ರಲ್ಲಿ ಜೆರ್ರಿ ಹಾರ್ವೆ ಎಂಬ ಸೌಂಡ್ ಎಂಜಿನಿಯರ್ ಇಂಥದ್ದನ್ನು ಮಾಡಿಕೊಟ್ಟಿದ್ದೂ ವ್ಯಾನ್ ಹೇಲನ್ ಬ್ಯಾಂಡಿನ ಡ್ರಮ್ಮರ್‌ಗೇ. 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ ಎನ್ನುವುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ. 100 ಮುಟ್ಟಿದರೆ ಉಳಿಯುವುದು 15 ನಿಮಿಷ. ಹೊರಗಿನ ಗದ್ದಲ ತಡೆದರೆ ಕಡಿಮೆ ವಾಲ್ಯೂಮಿನಲ್ಲೇ ಕೆಲಸ ನಡೆಯುತ್ತದೆ. ಶ್ಯೂರ್ ಕಂಪನಿ ತನ್ನ ಎಸ್‌ಇ215 ಮಾದರಿ 37 ಡೆಸಿಬೆಲ್‌ವರೆಗೆ ತಡೆಯುತ್ತದೆ ಎನ್ನುತ್ತದೆ.

ಸರಿಯಾಗಿ ಕೂತರೆ ಮಾತ್ರ. ಫೋಮ್ ತುದಿಯನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವ ತನಕ ಒತ್ತಿ ಹಿಡಿಯಬೇಕು. ಸಂದಿ ಉಳಿದರೆ ಬಾಸ್ ಮಾಯ, ಆಮೇಲೆ ವಾಲ್ಯೂಮ್ ಏರಿಸುವುದೇ ದಾರಿ. ಜನರ ಚಪ್ಪಾಳೆ ಕೇಳಲೆಂದು ಒಂದೇ ಕಿವಿಗೆ ಹಾಕಿಕೊಳ್ಳುವ ಚಾಳಿ ಹಲವರಿಗಿದೆ. ಅದನ್ನು ಖಂಡಿತ ಬಿಡಿಸಿ.

ಆದರೆ ದುಡ್ಡು ಕೊಡುವ ಮುಂಚೆ ಮಗನನ್ನು ಒಂದು ಮಾತು ಕೇಳಿ: ‘ನಿನ್ನ ಕಿವಿಗೆ ಲೈನ್ ಯಾರು ಕೊಡ್ತಾರೆ?’ ಸೌಂಡಿನವರ ಮಿಕ್ಸರಿನಿಂದ ಅವನಿಗೇ ಅಂತ ಒಂದು ಆಕ್ಸ್ ಲೈನ್ ಬರಬೇಕು, ಅದಕ್ಕೊಂದು ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್ ಬೇಕು. ಅದಿಲ್ಲದಿದ್ದರೆ ತನ್ನ ಕೀಬೋರ್ಡ್ ಮಾತ್ರ ಕೇಳಿಸಿ, ಹಾಡುವವರ ದನಿ ಮಂಕಾಗಿ, ಈಗಿರುವುದಕ್ಕಿಂತ ಕಡೆಯಾಗುತ್ತದೆ. ಲೈನ್ ಸಿಗುವುದಾದರೆ ಧಾರಾಳವಾಗಿ ಕೊಡಿಸಿ, ಆರ್ಕೆಸ್ಟ್ರಾದ ಸಂಪಾದನೆಯಿಂದ ಅವನೂ ಅರ್ಧ ಹಾಕಲಿ. ಜೊತೆಗೆ ಆಡಿಯಾಲಜಿಸ್ಟ್ ಹತ್ತಿರ ಒಂದು ಶ್ರವಣ ಪರೀಕ್ಷೆ ಮಾಡಿಸಿ ಆ ಚೀಟಿ ಇಟ್ಟುಕೊಂಡಿರಿ. ಕಿವಿಯ ಅಚ್ಚು ತೆಗೆಸಿ ಮಾಡಿಸುವ ದುಬಾರಿ ಸೆಟ್ಟು ಈಗಲೇ ಬೇಡ.